‘ಯಾವುದಕ್ಕೂ ಇರಲಿ’ ಅಂತ ದೇವರನ್ನು ನಂಬಬಹುದಾ? ಲೆಕ್ಕ ಹಾಕಿ ನೋಡುವ ಬಗೆ

ಮಾರ್ಚ್ ಎರಡನೇ ವಾರ. ಕೊಡಗಿನ ನಮ್ಮ ಮಕ್ಕಂದೂರು ಕಡೆ ಕಾಫಿ ಮೊಗ್ಗು ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ಪಕ್ಕದ ತೋಟದ ಹುಡುಗ ಬೇಲಿ ಹತ್ತಿರ ಬಂದು ನಿಂತ. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಗಣಿತ ಕಲಿತವನು.

“ಟೀಚರ್, ಮಳೆ ಬರಲಿ ಅಂತ ಇಗ್ಗುತ್ತಪ್ಪನಿಗೆ ಹರಕೆ ಹೊತ್ತಿದ್ದೇನೆ. ನನಗೆ ಅಷ್ಟೇನೂ ನಂಬಿಕೆ ಇಲ್ಲ. ಆದರೂ ಯಾವುದಕ್ಕೂ ಇರಲಿ ಅಂತ. ನಂಬಿದರೆ ಕಳ್ಕೊಳ್ಳೋದು ಏನಿದೆ ಅಲ್ವಾ?”

ಈ ಮಾತು ನಾನೂ ಎಷ್ಟೋ ಸಲ ಆಡಿದ್ದೇನೆ. ನೀವೂ ಆಡಿರಬಹುದು. ಇದನ್ನು ಸುಮ್ನೆ ಬಿಡಬೇಡಿ, ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಅವನಿಗೆ ಹೇಳಿಕೊಟ್ಟ ಹಾಗೆಯೇ ಇಲ್ಲಿ ಬರೆಯುತ್ತೇನೆ.

ಒಂದು ಹಾಳೆಯಲ್ಲಿ ನಾಲ್ಕು ಮನೆ ಹಾಕಿ. ಮೇಲೆ ‘ದೇವರಿದ್ದಾನೆ’, ‘ಇಲ್ಲ’. ಎಡಗಡೆ ‘ನಂಬಿದೆ’, ‘ನಂಬಲಿಲ್ಲ’. ನಂಬಿದಿರಿ, ದೇವರೂ ಇದ್ದ ಅಂತಾದರೆ ಸಿಗುವುದು ಕೊನೆಯಿಲ್ಲದ ಸುಖ. ಆ ಮನೆಯಲ್ಲಿ ಅನಂತದ ಗುರುತು ಹಾಕಿ, ಅಡ್ಡ ಮಲಗಿಸಿದ 8. ದೇವರಿಲ್ಲದಿದ್ದರೆ ನಂಬಿದವರಿಗೆ ಆಗುವ ನಷ್ಟ ಸ್ವಲ್ಪ ಸಮಯ, ಸ್ವಲ್ಪ ದುಡ್ಡು. ನಂಬದವರಿಗೆ ಸಿಗುವುದೂ ಎಣಿಸಿ ಮುಗಿಸಬಹುದಾದಷ್ಟೇ. ಈಗ ಗುಣಿಸಿ. ದೇವರಿರುವ ಸಾಧ್ಯತೆ ನೂರಕ್ಕೆ ಒಂದು ಅನ್ನಿ, ಲಕ್ಷಕ್ಕೆ ಒಂದು ಅನ್ನಿ. ಅನಂತದಿಂದ ಗುಣಿಸಿದರೆ ಉತ್ತರ ಅನಂತವೇ. ಹಾಗಾಗಿ ನಂಬುವುದೇ ಲಾಭ.

ಈ ಲೆಕ್ಕ ನನ್ನದಲ್ಲ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಅವರದು. ಒತ್ತಡ ಅಳೆಯಲು ‘ಪಾಸ್ಕಲ್’ ಅಂತ ಓದಿದ್ದೀರಲ್ಲ, ಅದು ಅವರದೇ ಹೆಸರು. ಹುಟ್ಟಿದ್ದು 1623, ತೀರಿಕೊಂಡದ್ದು 1662, ಬರೀ 39 ವರ್ಷ. 1654ರಲ್ಲಿ ಫರ್ಮಾ ಎಂಬ ಇನ್ನೊಬ್ಬ ಗಣಿತಜ್ಞರಿಗೆ ಪತ್ರ ಬರೆಯುತ್ತಾ, ಅರ್ಧಕ್ಕೆ ನಿಂತ ಜೂಜಿನಲ್ಲಿ ಪಣದ ಹಣ ಹೇಗೆ ಹಂಚಬೇಕು ಅಂತ ಇಬ್ಬರೂ ಸೇರಿ ಬಿಡಿಸಿದರು. ಇವತ್ತಿನ ಸಂಭಾವ್ಯತೆಯ ಪಾಠಕ್ಕೆ ಅದು ಬುನಾದಿ. ದೇವರ ಮೇಲಿನ ಪಣ ಅವರು ಬರೆದಿಟ್ಟ ಬಿಡಿ ಹಾಳೆಗಳಲ್ಲಿತ್ತು, ಅಚ್ಚಾದದ್ದು ಸತ್ತ ಮೇಲೆ, 1670ರಲ್ಲಿ.

ಇನ್ನು ಈ ಲೆಕ್ಕವನ್ನು ಸ್ಪ್ರಿಂಕ್ಲರ್ ಲೆಕ್ಕದ ಪಕ್ಕ ಇಡಿ. ಮಳೆಗೆ ಕಾಯುವುದಾ, ನೀರು ಹಾರಿಸುವುದಾ? ಅದೂ ಪಣವೇ. ರೋಬಸ್ಟಾ ಕಾಫಿಯ ಮೊಗ್ಗು ಅರಳಲು ಸುಮಾರು ಒಂದು ಇಂಚು, ನಮ್ಮ ತೋಟದ ಮಾತಿನಲ್ಲಿ 100 ಸೆಂಟ್ ಮಳೆ ಬೇಕು. ಡೀಸೆಲ್ ಎಷ್ಟು, ಕೆರೆಯಲ್ಲಿ ನೀರೆಷ್ಟು, ಮಳೆ ಬರೆದಿಡುವ ಪುಸ್ತಕ ಏನು ಹೇಳುತ್ತದೆ, ಎಲ್ಲಕ್ಕೂ ಒಂದು ಸಂಖ್ಯೆ ಇದೆ. ಅದಕ್ಕೇ ಒಂದು ದಾರಿ ಇನ್ನೊಂದಕ್ಕಿಂತ ಮೇಲು ಅಂತ ಹೇಳಲು ಬರುತ್ತದೆ. ಅನಂತ ಬಂದ ಕೂಡಲೇ ಆ ಅನುಕೂಲ ಹೋಗುತ್ತದೆ. ‘ನಾಣ್ಯ ಚಿಮ್ಮುತ್ತೇನೆ, ತಲೆ ಬಿದ್ದರೆ ಮಾತ್ರ ನಂಬುತ್ತೇನೆ’ ಅಂತ ಒಬ್ಬ ಹೇಳಿದ ಅನ್ನಿ. ಅನಂತದ ಅರ್ಧವೂ ಅನಂತವೇ. ‘ಈಗ ನಂಬುವುದಿಲ್ಲ, ಮುದುಕನಾದ ಮೇಲೆ ನಂಬಿದರೂ ನಂಬಬಹುದು’ ಅಂದವನಿಗೂ ಅದೇ ಉತ್ತರ. ಎಲ್ಲ ದಾರಿಗೂ ಒಂದೇ ಉತ್ತರ ಬಂದರೆ ಆರಿಸುವುದು ಹೇಗೆ? ನನ್ನ ವಿದ್ಯಾರ್ಥಿ ಇಂಥ ಲೆಕ್ಕ ತಂದರೆ ನಾನು ಅಂಕ ಕೊಡುತ್ತಿರಲಿಲ್ಲ.

ಮುಂದಿನ ಕೆಲಸ, ಹಾಳೆಯಲ್ಲಿ ‘ದೇವರು’ ಅಂತ ಬರೆದ ಕಡೆ ಹೆಸರು ಬರೆಯಿರಿ. ಪಾಸ್ಕಲ್ ಅವರ ಹಾಳೆಯಲ್ಲಿ ಒಂದೇ ಹೆಸರಿತ್ತು. ಕೊಡಗಿನಲ್ಲಿ ಕೂತು ಬರೆದರೆ ಹಾಳೆ ಸಾಲದು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ. ತಲಕಾವೇರಿ. ಎಮ್ಮೆಮಾಡು ದರ್ಗಾ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್. ಜನ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ದೇವರಕಾಡಿನ ಅಯ್ಯಪ್ಪ. ಕುಶಾಲನಗರದಾಚೆ ಬೈಲಕುಪ್ಪೆಗೆ ಹೋದರೆ ಟಿಬೆಟಿನವರ ಬುದ್ಧ. ಪಾಸ್ಕಲ್ ಅವರ ದೇಶದವರೇ ಆದ ತತ್ವಜ್ಞಾನಿ ದಿದರೋ ಮುಂದಿನ ಶತಮಾನದಲ್ಲೇ ಕೇಳಿದ್ದರು, ಇದೇ ವಾದವನ್ನು ಒಬ್ಬ ಇಮಾಮ್ ಕೂಡ ಮಾಡಬಹುದಲ್ಲ ಅಂತ. ನಮ್ಮವರು ಇದಕ್ಕೆ ಸುಲಭ ದಾರಿ ಕಂಡುಕೊಂಡಿದ್ದಾರೆ, ಎಲ್ಲ ಕಡೆಯೂ ಒಂದೊಂದು ಸಲ ಕೈ ಮುಗಿಯುವುದು. ಪ್ರೀತಿಯಿಂದ ಮಾಡಿದರೆ ಅದು ಚಂದವೇ. ಪಣವಾಗಿ ಮಾತ್ರ ನಿಲ್ಲುವುದಿಲ್ಲ. ‘ನನ್ನನ್ನು ಬಿಟ್ಟು ಬೇರೆಯವರಿಗೆ ಕೈ ಮುಗಿಯಬೇಡ’ ಎನ್ನುವ ದೇವರೂ ಆ ಸಾಲಿನಲ್ಲಿದ್ದಾನೆ. ಲಾಭಕ್ಕೆ ನಂಬಿದವನಿಗಿಂತ ನೇರವಾಗಿ ಅನುಮಾನಪಟ್ಟವನೇ ವಾಸಿ ಎನ್ನುವ ದೇವರೂ ಇರಬಹುದು. ಅವನಿಗೂ ಒಂದು ಮನೆ ಹಾಕಬೇಕಾಗುತ್ತದೆ.

ನಾನು ಹೀಗೆ ಎಲ್ಲ ಕಡೆ ಪಣ ಕಟ್ಟಿದ್ದು 2018ರ ಆಗಸ್ಟಿನಲ್ಲಿ. ಮಳೆ ನಿಲ್ಲಲೇ ಇಲ್ಲ. ಅಂಗಳದಲ್ಲಿ ಬಿರುಕು ಬಿಟ್ಟಿತ್ತು, ನನ್ನ ಅಂಗೈ ಅಡ್ಡ ಹಿಡಿದರೆ ಇಳಿಯುವಷ್ಟು ಅಗಲ. ಒಂದು ಚೀಲ ಬಟ್ಟೆ, ಆರ್‌ಟಿಸಿ, ಪಾಸ್‌ಬುಕ್ ಹಿಡಿದು ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಹೋದೆ. ಅಲ್ಲಿ ಮೂರು ರಾತ್ರಿ ಇಗ್ಗುತ್ತಪ್ಪನಿಗೆ, ದರ್ಗಾಕ್ಕೆ, ಚರ್ಚಿಗೆ, ಎಲ್ಲದಕ್ಕೂ ಹರಕೆ ಹೊತ್ತೆ. ಮನೆ ಉಳಿಯಿತು. ಪಕ್ಕದ ಮನೆಯ ಅಕ್ಕನ ಮನೆ ಗುಡ್ಡದ ಜೊತೆ ಹೋಯಿತು. ದಿನಾ ಸಂಜೆ ತಪ್ಪದೆ ದೀಪ ಹಚ್ಚುತ್ತಿದ್ದವರು ಅವರು. ನಾನು ಹಬ್ಬಕ್ಕೆ ಮಾತ್ರ ಹಚ್ಚುತ್ತಿದ್ದೆ. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮನೆ ಹೋದ ಸುದ್ದಿ ಬಂದ ದಿನವೂ ಅಕ್ಕ ಸಂಜೆ ಸ್ಟೀಲ್ ತಟ್ಟೆಯಲ್ಲಿ ಒಂದು ಹಣತೆ ಇಟ್ಟು, ಗಾಳಿಗೆ ಸೆರಗು ಅಡ್ಡ ಹಿಡಿದು ಬತ್ತಿ ಹಚ್ಚಿದರು. ನಾನು ತಡೆಯಲಾರದೆ ಕೇಳಿದೆ, ಇನ್ನೂ ಯಾಕಕ್ಕ ಅಂತ. “ಮನೆ ಉಳಿಸಿಕೊಡು ಅಂತ ಹಚ್ತಾ ಇದ್ದದ್ದಲ್ಲ ಟೀಚರೇ. ಸಂಜೆ ಆಯ್ತಲ್ಲ, ಅದಕ್ಕೆ ಹಚ್ಚಿದ್ದು” ಅಂದರು.

ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ನನಗೆ ಅಲ್ಲಿ ಸಿಕ್ಕಿತು. ಏನೂ ಸಿಗುವುದಿಲ್ಲ ಅಂತ ಖಂಡಿತವಾಗಿ ಗೊತ್ತಾದರೂ ಇದನ್ನು ಮಾಡುತ್ತೇನಾ? ಒಂದು ವಾರ ಕೇಳಿಕೊಳ್ಳಿ, ಅವಸರ ಬೇಡ. ‘ಹೌದು’ ಅಂತ ಬಂದರೆ ಪಣದ ಮಾತೇ ಬೇಡ, ಮಾಡಿ. ‘ಇಲ್ಲ’ ಅಂತ ಬಂದರೆ ನಿಮ್ಮನ್ನು ನಡೆಸುತ್ತಿರುವುದು ಹೆದರಿಕೆ. ಯಾವುದರ ಹೆದರಿಕೆ ಅಂತ ಹಾಳೆಯ ಹಿಂಬದಿಗೆ ಬರೆಯಿರಿ. ಆಸ್ಪತ್ರೆಯ ರಿಪೋರ್ಟಾ, ಸಾಲವಾ, ಮಗಳ ಮದುವೆಯಾ. ಅದಕ್ಕೆ ಬೇಕಾದ ಕೆಲಸ ಬೇರೆಯೇ ಇರುತ್ತದೆ.

‘ನಿರ್ಧಾರ ಮಾಡಿ ನಂಬಿಬಿಡುತ್ತೇನೆ’ ಅನ್ನುವವರು ಒಂದು ಸಣ್ಣ ಪ್ರಯೋಗ ಮಾಡಿ. ತೋಟದ ಬೇಲಿಗೂಟವನ್ನು ಏಲಕ್ಕಿ ಗಿಡ ಅಂತ ಐದು ನಿಮಿಷ ನಿಜವಾಗಿ ನಂಬಿ. ಲಕ್ಷ ರೂಪಾಯಿ ಕೊಡುತ್ತೇನೆ ಅಂದರೂ ಆಗುವುದಿಲ್ಲ. ಹೂಂ ಅನ್ನಬಹುದು, ನಂಬಲು ಆಗುವುದಿಲ್ಲ. ಪಾಸ್ಕಲ್ ಅವರಿಗೂ ಇದು ಗೊತ್ತಿತ್ತು. ಅದಕ್ಕೇ, ನಂಬಿದವರು ಮಾಡುವುದನ್ನು ಮಾಡುತ್ತಾ ಹೋಗಿ, ತೀರ್ಥ ತೆಗೆದುಕೊಳ್ಳಿ, ಪೂಜೆ ಮಾಡಿಸಿ, ನಂಬಿಕೆ ತಾನಾಗಿ ಬರುತ್ತದೆ ಅಂದರು. ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ರೂಢಿಯಿಂದ ಪ್ರೀತಿ ಹುಟ್ಟುವುದನ್ನು ಕಂಡಿದ್ದೇನೆ. ಆದರೆ ಲಾಭದ ಮೇಲೆ ಕಣ್ಣಿಟ್ಟು ಶುರು ಮಾಡಿದವರು ಮೊದಲ ಪೆಟ್ಟಿಗೇ ಬಿಟ್ಟುಬಿಡುವುದನ್ನೂ ಕಂಡಿದ್ದೇನೆ. 100 ಸೆಂಟ್ ಬೇಕಾದ ಕಡೆ 20 ಸೆಂಟ್ ಬಿದ್ದರೆ ಮೊಗ್ಗು ಪೂರ್ತಿ ಬಿಡಿಸಿಕೊಳ್ಳದೆ ಒಣಗುತ್ತದಲ್ಲ, ಹಾಗೆ. ಅದಕ್ಕಿಂತ ಮಳೆ ಬರದಿದ್ದರೇ ವಾಸಿ, ಮೊಗ್ಗು ಇನ್ನೂ ಕಾಯುತ್ತಿರುತ್ತದೆ.

ಪಾಸ್ಕಲ್ ತಾವೇ ಪಣ ಕಟ್ಟಿ ನಂಬಿದವರಲ್ಲ. ಫರ್ಮಾಗೆ ಪತ್ರ ಬರೆದ ಅದೇ 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ಸುಮಾರು ಹನ್ನೆರಡೂವರೆವರೆಗೆ ಅವರಿಗೆ ಏನೋ ಅನುಭವವಾಯಿತು. ಅದನ್ನು ಬರೆದಿಟ್ಟು ಕೋಟಿನ ಒಳಗೆ ಹೊಲಿದುಕೊಂಡರು. ಸತ್ತ ಮೇಲೆ ಆಳು ಅದನ್ನು ಕಂಡ. ಒಂದು ಸಾಲಿನಲ್ಲಿ ‘ಬೆಂಕಿ’ ಅಂತ ಒಂದೇ ಪದ. ನಾಲ್ಕು ಮನೆಯ ಲೆಕ್ಕ ಅದರಲ್ಲಿ ಎಲ್ಲೂ ಇಲ್ಲ.

ಇನ್ನು ಆಗಲೇ ಹೊತ್ತ ಹರಕೆಯ ವಿಚಾರ. ತೀರಿಸಿ. ಹೆದರಿಕೆಯಲ್ಲಿ ಆಡಿದರೂ ಅದು ನೀವು ಕೊಟ್ಟ ಮಾತು. ನಾನು ಮೂರು ಕಡೆಗೂ ಹೋಗಿ ಬಂದೆ. ಕಕ್ಕಬ್ಬೆಗೆ ಅಕ್ಕನೂ ಜೊತೆಗೆ ಬಂದರು. ಆಮೇಲೆ ಹೊಸ ಹರಕೆ ಹೊರಲಿಲ್ಲ. ಸಂಜೆ ದೀಪ ಹಚ್ಚುವುದು ಮಾತ್ರ ಶುರುವಾಗಿದೆ.

ಹುಡುಗ ಎರಡು ದಿನ ಬಿಟ್ಟು ಹಾಳೆ ಹಿಡಿದುಕೊಂಡೇ ಬಂದ. “ಮಳೆ ಬಂದ್ರೂ ಬರದಿದ್ರೂ ಕಕ್ಕಬ್ಬೆಗೆ ಹೋಗ್ತೇನೆ ಟೀಚರ್. ಚಿಕ್ಕವನಿರುವಾಗ ಅಜ್ಜಿ ಜೊತೆ ಹೋಗ್ತಿದ್ದೆ, ಈಗ ಎಷ್ಟೋ ವರ್ಷ ಆಯ್ತು.” ಆಮೇಲೆ ನನ್ನ ಮಳೆ ಪುಸ್ತಕ ಕೇಳಿದ. ಹತ್ತು ವರ್ಷದ ಮಾರ್ಚ್ ತಿಂಗಳುಗಳನ್ನು ಜಗಲಿಯಲ್ಲಿ ಕೂತು ಒಟ್ಟಿಗೆ ನೋಡಿದೆವು. ಮರುದಿನ ಬೆಳಿಗ್ಗೆಯೇ ಅವನು ಕೆರೆಯ ಹತ್ತಿರ ಪೈಪ್ ಜೋಡಿಸುತ್ತಿದ್ದ.