ರಿಜಿಸ್ಟ್ರಿ ನಕಲಿಗೆ ರೆಗ್ ಕಮಾಂಡ್

ತುಮಕೂರಿನ ಮಂಡಿ ಅಂಗಡಿಗಳಲ್ಲಿ ಬಿಲ್ಲಿಂಗ್‌ಗೆ ಇಟ್ಟ ಕಂಪ್ಯೂಟರ್ ಕರೆಂಟ್ ಹೋಗಿ ದಿಢೀರ್ ಆಫ್ ಆದರೆ ವಿಂಡೋಸ್ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ದಾಖಲೆ, ಕೆಡಬಹುದು. ವಿಂಡೋಸ್ 10ರ 1803 ಆವೃತ್ತಿಯಿಂದೀಚೆಗೆ ರಿಜಿಸ್ಟ್ರಿ ನಕಲಿಗೆಂದಿರುವ ರೆಗ್‌ಬ್ಯಾಕ್ ಫೋಲ್ಡರಿಗೆ ನಕಲು ತಾನಾಗಿ ಬೀಳುವುದಿಲ್ಲ, ನಾವೇ ತೆಗೆದಿಡಬೇಕು.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ:

ರೆಗ್ ಸೇವ್ ಎಚ್‌ಕೆಎಲ್‌ಎಂ\ಸಿಸ್ಟಮ್ ಡಿ:\ನಕಲು\ಸಿಸ್ಟಮ್.ಹೈವ್ /ವೈ

‘ನಕಲು’ ಫೋಲ್ಡರ್ ಮೊದಲೇ ಇರಬೇಕು. /ವೈ ಹಾಕಿದರೆ ಹಳೆಯ ಫೈಲ್ ಕೇಳದೆಯೇ ಅಳಿಯುತ್ತದೆ, ಹಾಗಾಗಿ ಹೆಸರಿನಲ್ಲಿ ತಾರೀಖು ಸೇರಿಸಿ. ರಿಜಿಸ್ಟ್ರಿಯ ಒಂದೊಂದು ದೊಡ್ಡ ಭಾಗಕ್ಕೆ ಹೈವ್ ಎನ್ನುತ್ತಾರೆ; ಸಾಫ್ಟ್‌ವೇರ್ ಹೈವ್‌ಗೂ ಇದೇ ಕ್ರಮ.

ರಿಜಿಸ್ಟ್ರಿಯನ್ನು ಪಠ್ಯ ಫೈಲಾಗಿ ತೆಗೆಯುವ ರೆಗ್ ಎಕ್ಸ್‌ಪೋರ್ಟ್ ಇದಕ್ಕೆ ಬದಲಿಯಲ್ಲ. ಅದನ್ನು ಇಂಪೋರ್ಟ್ ಮಾಡಿದರೆ ಹಳೆಯದು ಸೇರುತ್ತದೆ, ಆಮೇಲೆ ಹೊಸದಾಗಿ ಬಂದ ಕೀಗಳು ಹಾಗೇ ಉಳಿಯುತ್ತವೆ.

ವಿಂಡೋಸ್ ಏಳದಿದ್ದರೆ ರಿಕವರಿಯ ಕಮಾಂಡ್ ಪ್ರಾಂಪ್ಟಿಗೆ ಹೋಗಿ. ಅಲ್ಲಿ ಡ್ರೈವ್ ಅಕ್ಷರ ಬದಲಾಗಿರಬಹುದು, ‘ಡಿರ್’ ಕೊಟ್ಟು ನೋಡಿ. ವಿಂಡೋಸ್\ಸಿಸ್ಟಮ್32\ಕಾನ್ಫಿಗ್ ಒಳಗಿನ ಹಳೆಯ ‘ಸಿಸ್ಟಮ್’ ಫೈಲಿನ ಹೆಸರು ಬದಲಿಸಿ, ನಕಲನ್ನು ‘.ಹೈವ್’ ಬಾಲವಿಲ್ಲದೆ ‘ಸಿಸ್ಟಮ್’ ಎಂಬ ಹೆಸರಿನಲ್ಲಿ ಕಾಪಿ ಮಾಡಿ.