ಚೆನ್ನಾಗಿರೋ ಕಣ್ಣಿಗೇ ಪಟ್ಟಿ ಹಾಕಿ: ಸೋಮಾರಿ ಕಣ್ಣಿಗೆ ಮನೆಯಲ್ಲಿ ಮಾಡಬೇಕಾದ್ದು

"ನೆಟ್ಟಗಿರೋ ಕಣ್ಣಿಗೆ ಯಾಕೋ ಅಂಟಿಸ್ತೀಯ?" ಅಂತ ನಮ್ಮಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಶಿಡ್ಲಘಟ್ಟದ ಹತ್ತಿರ ನಮ್ಮ ಊರು. ರೇಷ್ಮೆ ಹುಳ ಸಾಕುತ್ತೇವೆ. ಮಗಳಿಗೆ 5 ವರ್ಷ, ಎಡಗಣ್ಣಿಗೆ ಪವರ್ ಜಾಸ್ತಿ. ಅದು ಸೋಮಾರಿ ಕಣ್ಣು, ಅಂದರೆ ಮಸುಕಾಗಿ ಕಾಣುವ ಆ ಕಣ್ಣನ್ನು ಮಿದುಳು ಸರಿಯಾಗಿ ಬಳಸುತ್ತಿರಲಿಲ್ಲ. ಡಾಕ್ಟರು ಮೊದಲು ಕನ್ನಡಕ ಕೊಟ್ಟರು. ಕೆಲವು ವಾರ ಬಿಟ್ಟು, ಬಲಗಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ ಹಾಕಿ ಅಂದರು. ನಾನು ಅಮ್ಮನ ಮಾತು ಕೇಳಿ ಎರಡು ದಿನ ಎಡಗಣ್ಣಿಗೇ ಅಂಟಿಸಿದ್ದೆ. ನೀವು ಹಾಗೆ ಮಾಡಬೇಡಿ.

ಯಾಕೆ ಅಂದರೆ, ತೊಂದರೆ ಕಣ್ಣಿನಲ್ಲಷ್ಟೇ ಅಲ್ಲ, ಮಿದುಳಿನಲ್ಲೂ ಇದೆ. ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣ ಸಂದು ಇರುತ್ತದೆ. ಸುದ್ದಿಯನ್ನು ಆ ಸಂದು ದಾಟಿಸುವುದು ಗ್ಲುಟಮೇಟ್ ಅನ್ನೋ ರಾಸಾಯನಿಕ. ಮಿದುಳಿನ ಹಿಂಭಾಗದಲ್ಲಿ ಎರಡೂ ಕಣ್ಣಿನ ಎಳೆಗಳು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಸ್ಪಷ್ಟ ಚಿತ್ರ ಕಳಿಸುವ ಕಣ್ಣಿನ ಕೊಂಡಿ ಗಟ್ಟಿಯಾಗುತ್ತಾ ಹೋಗುತ್ತದೆ, ಮಸುಕು ಕಳಿಸುವುದರದು ಸಡಿಲವಾಗುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಅನ್ನೋ ವಿಜ್ಞಾನಿಗಳು ಬೆಕ್ಕಿನ ಮರಿಯ ಒಂದು ಕಣ್ಣು ಮುಚ್ಚಿಟ್ಟು ಇದನ್ನು ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಗಾಬಾ ಅನ್ನೋ ಇನ್ನೊಂದು ರಾಸಾಯನಿಕದ ಕೆಲಸ ನರಕೋಶಗಳ ಸುದ್ದಿಗೆ ತಡೆ ಹಾಕುವುದು. ಇಲಿಮರಿಗಳಲ್ಲಿ ಅದು ಸಾಲದೇ ಹೋದರೆ ಈ ಪೈಪೋಟಿಯ ಕಾಲವೇ ಶುರುವಾಗುವುದಿಲ್ಲವಂತೆ. ತಡೆ ಹಾಕೋದರಿಂದಲೇ ಶುರು, ವಿಚಿತ್ರ ಅಲ್ವಾ! ಚೆನ್ನಾಗಿರೋ ಕಣ್ಣನ್ನು ಸ್ವಲ್ಪ ಹೊತ್ತು ಮುಚ್ಚಿದರೆ ಸೋಮಾರಿ ಕಣ್ಣಿನ ಕೊಂಡಿ ಗಟ್ಟಿಯಾಗಲು ಅವಕಾಶ ಸಿಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಈ ಕೊಂಡಿಗಳನ್ನು ತಿದ್ದುವುದು ಸುಲಭ. ಅದಕ್ಕೇ ತಡ ಮಾಡಬಾರದು.

ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ. ಗಾಜಿಗೆ ಅಂಟಿಸಿದರೆ ಮಕ್ಕಳು ಸಂದಿನಿಂದ ಇಣುಕುತ್ತಾರೆ. ನಮ್ಮವಳು ಮೂಗಿನ ಪಕ್ಕದ ತುದಿ ಎತ್ತಿ ನೋಡುತ್ತಿದ್ದಳು, ಹಾಗಾಗಿ ಅಲ್ಲೇ ಚೆನ್ನಾಗಿ ಒತ್ತಿ. ಕೀಳುವಾಗ ಅಂಚಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಕಣ್ಣಿಗೆ ಹೋಗದ ಹಾಗೆ.

ಆ 2 ಗಂಟೆ ಮಗು ಎಚ್ಚರವಾಗಿ ಏನನ್ನಾದರೂ ನೋಡುತ್ತಿರಬೇಕು. ನಿದ್ದೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ನಾವು ರೇಷ್ಮೆ ಗೂಡು ಬಿಡಿಸುವಾಗ ಅವಳನ್ನೂ ಚಂದ್ರಿಕೆ (ಹುಳ ಗೂಡು ಕಟ್ಟುವ ತಟ್ಟೆ) ಮುಂದೆ ಕೂರಿಸಿದೆವು. ಕಲೆಯಾದ ಗೂಡು ಹುಡುಕೋದು ಅವಳ ಕೆಲಸ. ಮೊದಲ ವಾರ ಬಿಳಿ ಗೂಡನ್ನೇ ಕಲೆಯದು ಅಂತ ಬುಟ್ಟಿಗೆ ಹಾಕುತ್ತಿದ್ದಳು. ಬೈಯಲಿಲ್ಲ, ಸುಮ್ನೆ ಎತ್ತಿಟ್ಟೆ. ಹತ್ತಿರದ ಕೆಲಸವೇ ಆಗಬೇಕು ಅಂತೇನಿಲ್ಲ. ಚಿತ್ರ ಬರೆಯಲಿ, ಟಿವಿ ನೋಡಲಿ.

ಜಾಸ್ತಿ ಹೊತ್ತು ಹಾಕಿದರೆ ಬೇಗ ಸರಿಹೋಗುತ್ತೆ ಅಂತ ನೀವಾಗೇ ಹೆಚ್ಚಿಸಬೇಡಿ. ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ 2 ಗಂಟೆಯೂ 6 ಗಂಟೆಯಷ್ಟೇ ಫಲ ಕೊಟ್ಟಿದೆ. ತಪಾಸಣೆ ತಪ್ಪಿಸಬೇಡಿ, ಅಪರೂಪಕ್ಕೆ ಮುಚ್ಚಿದ ಕಣ್ಣೇ ಮಂಕಾಗಬಹುದು.

ಪಟ್ಟಿ ಕಿತ್ತೆಸೆಯುವ ಮಗುವಾದರೆ ಅಟ್ರೋಪಿನ್ ಹನಿ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಅದನ್ನೂ ಚೆನ್ನಾಗಿರೋ ಕಣ್ಣಿಗೇ ಬಿಡೋದು. ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನು ತಡೆದು ಅದು ಕಣ್ಣೊಳಗಿನ ಸ್ನಾಯುವನ್ನು ಸಡಿಲ ಮಾಡುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಬಿಸಿಲು ಚುಚ್ಚುತ್ತದೆ, ಟೋಪಿ ಬೇಕು. ಸೀಸೆ ಮಕ್ಕಳ ಕೈಗೆ ಸಿಗಬಾರದು, ಹೊಟ್ಟೆಗೆ ಹೋದರೆ ವಿಷ.

ಈಗ ಗಡಿಯಾರ ನೋಡೋದು ನಮ್ಮಮ್ಮನ ಕೆಲಸ. ಹತ್ತು ನಿಮಿಷ ಮೊದಲೇ ಕಿತ್ತರೆ ನನಗೇ ಬೈಗುಳ.