ಕೆಂಡದ ಮೀನಿಗೆ ಸಣ್ಣ ಕಾವು

ಕೆಂಡದ ಮೀನು ಅಂದರೆ ಎಲ್ಲರೂ ಮಸಾಲೆಯ ಲೆಕ್ಕ ಕೇಳುತ್ತಾರೆ. ಬೆಂಕಿಯ ಲೆಕ್ಕ ಯಾರೂ ಕೇಳುವುದಿಲ್ಲ. ಇದ್ದಿಲು ಇನ್ನೂ ಕಪ್ಪಗಿರುವಾಗಲೇ ಮೀನು ಇಟ್ಟುಬಿಡುತ್ತಾರೆ. ಮೇಲೆ ಸೀದಿರುತ್ತದೆ, ಮುಳ್ಳಿನ ಹತ್ತಿರ ಹಸಿ ಹಸಿ.

ನಮ್ಮ ಕೊಪ್ಪಳದ ಕಡೆ ಇದ್ದಿಲಿಗೇನೂ ಬರವಿಲ್ಲ. ಹೊಲದ ಬದು, ಹಳ್ಳದ ದಂಡೆ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದನ್ನು ಬೈಯದ ರೈತರಿಲ್ಲ, ಆದರೆ ಅದರ ಇದ್ದಿಲು ಗಟ್ಟಿ, ಬಹಳ ಹೊತ್ತು ಕಾವು ಹಿಡಿಯುತ್ತದೆ. ಸೀಮೆಎಣ್ಣೆ ಸುರಿದು ಹೊತ್ತಿಸಬೇಡಿ, ವಾಸನೆ ಮೀನಿಗೆ ಹತ್ತುತ್ತದೆ. ಒಣ ಪುಳ್ಳೆ ಸಾಕು. ಅರ್ಧ ಗಂಟೆ ಸುಮ್ನೆ ಬಿಡಿ. ಉರಿ ಪೂರ್ತಿ ಇಳಿದು, ಕೆಂಡದ ಮೇಲೆ ಬಿಳಿ ಬೂದಿ ಕಟ್ಟಬೇಕು. ಆಮೇಲೆ ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಎಳೆಯಿರಿ. ಮೀನು ಕೂರುವುದು ಕೆಂಡವಿಲ್ಲದ ಪಕ್ಕ. ಅಲ್ಲಿ ಜಾಲರಿಯಿಂದ ಗೇಣು ಮೇಲೆ ಅಂಗೈ ಹಿಡಿದು ನಿಧಾನಕ್ಕೆ ಎಣಿಸಿ. ಎಂಟು, ಹತ್ತರವರೆಗೆ ತಡೆಯಲು ಆದರೆ ಕಾವು ಸರಿ. ಮೂರಕ್ಕೇ ಕೈ ಎಳೆದುಕೊಂಡರೆ ಜಾಸ್ತಿ ಆಯಿತು, ಇನ್ನಷ್ಟು ಕಾಯಿರಿ.

ಮುನಿರಾಬಾದ್ ಡ್ಯಾಮಿನ ರೋಹು, ಕಾಟ್ಲಾ ಯಾವುದಾದರೂ ಆದೀತು. ಒಂದು ಕೆಜಿ ತೂಗುವ ಇಡೀ ಮೀನು ಒಳ್ಳೆಯದು. ಕಿವಿರು ಕೆಂಪಗಿರಲಿ, ಬೆರಳಲ್ಲಿ ಒತ್ತಿದರೆ ಕುಳಿ ಉಳಿಯಬಾರದು. ಬೇಸಿಗೆಯಾದರೆ ಐಸ್ ಇಲ್ಲದೆ ಮನೆಗೆ ತರಲೇಬೇಡಿ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಕಲ್ಲುಪ್ಪು ಹಾಕಿ ಉಜ್ಜಿ ತೆಗೆಯಿರಿ. ಕೆರೆ ಮೀನಿಗೆ ಮಣ್ಣಿನ ವಾಸನೆ ಇದ್ದರೆ ಹತ್ತು ನಿಮಿಷ ಹುಣಸೆ ನೀರಲ್ಲಿಡಿ, ಹುಳಿಗೆ ಆ ವಾಸನೆ ತಗ್ಗುತ್ತದೆ. ನಿಂಬೆರಸ ಹಚ್ಚಿ ಗಂಟೆಗಟ್ಟಲೆ ಬಿಡುವವರಿದ್ದಾರೆ. ಮಾಂಸ ಬೆಳ್ಳಗಾಗಿ ಪುಡಿಪುಡಿ ಆಗುತ್ತದೆ, ಬೇಡ. ಈ ಮೀನುಗಳಲ್ಲಿ ಕವಲು ಮುಳ್ಳು ಬಹಳ, ಅಲ್ವಾ? ಬೆನ್ನಿನ ಕಡೆ ಒತ್ತೊತ್ತಾಗಿ ಗೀರಿದರೆ ಸಣ್ಣ ಮುಳ್ಳು ತುಂಡಾಗುತ್ತವೆ, ಉಪ್ಪು ಖಾರವೂ ಒಳಗಿಳಿಯುತ್ತದೆ. ಬ್ಯಾಡಗಿ ಖಾರ, ಬೆಳ್ಳುಳ್ಳಿ, ಅರಿಶಿನ, ಉಪ್ಪು, ಶೇಂಗಾ ಎಣ್ಣೆ. ಇಷ್ಟೇ.

ಹಚ್ಚುವ ಮುಂಚೆ ಮೀನನ್ನು ಬಟ್ಟೆಯಲ್ಲಿ ಒರೆಸಿ. ಒದ್ದೆ ಚರ್ಮ ಜಾಲರಿಗೆ ಹಿಡಿದುಕೊಳ್ಳುತ್ತದೆ. ಜಾಲರಿಯನ್ನೂ ಚೆನ್ನಾಗಿ ಕಾಯಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕಿ. ಮೀನಿಟ್ಟು ಮುಚ್ಚಳ ಹಾಕಿ. ಮುಚ್ಚಳವಿಲ್ಲದಿದ್ದರೆ ಹಳೆಯ ಬೋಗುಣಿ ಬೋರಲು ಹಾಕಿದರೂ ನಡೆಯುತ್ತದೆ. ಒಂದು ಕೆಜಿ ಮೀನಿಗೆ ಮುಕ್ಕಾಲು ಗಂಟೆ ಹತ್ತಿರ ಬೇಕು. ನಡುವೆ ಒಂದೇ ಸಲ ತಿರುವಿ. ಸೌಟು ತೂರಿಸಿದಾಗ ಚರ್ಮ ಎಳೆದರೆ ಅದಿನ್ನೂ ಸಿದ್ಧವಾಗಿಲ್ಲ, ನಾಲ್ಕು ನಿಮಿಷ ಬಿಡಿ, ತಾನೇ ಬಿಡುತ್ತದೆ. ಗೀರಿದ ಕಡೆ ಬಿಳಿ ಹನಿ ಬಹಳ ಒಸರಿ ಗಟ್ಟಿಯಾದರೆ ಕಾವು ಜಾಸ್ತಿ ಎಂದರ್ಥ. ಎರಡು ಕೆಂಡ ಆಚೆ ತೆಗೆಯಿರಿ. ಬೆನ್ನಿನ ರೆಕ್ಕೆ ಹಿಡಿದೆಳೆದರೆ ಸಲೀಸಾಗಿ ಕೈಗೆ ಬರಬೇಕು, ನಡುಮುಳ್ಳಿನ ಹತ್ತಿರ ಮಾಂಸ ಪಾರದರ್ಶಕವಾಗಿ ಕಾಣಬಾರದು. ಅಷ್ಟಾದರೆ ಇಳಿಸಿ, ನಿಂಬೆ ಹಿಂಡುವುದು ಆಗ. ಬಿಸಿ ಜೋಳದ ರೊಟ್ಟಿ ಜೊತೆಗಿರಲಿ.

ಇದನ್ನೆಲ್ಲ ಅಂಗಳದಲ್ಲಿ ಮಾಡಿ. ಮಳೆ ಬಂತೆಂದು ಕೆಂಡದ ಒಲೆ ಒಳಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ, ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ. ಮಿಕ್ಕ ಕೆಂಡಕ್ಕೆ ನೀರೂ ಹುಯ್ಯಬೇಡಿ. ಕಬ್ಬಿಣದ ಡಬ್ಬಿಗೆ ಹಾಕಿ ಗಾಳಿಯಾಡದಂತೆ ಹೊರಗೇ ಮುಚ್ಚಿಡಿ. ಆರಿದ ಇದ್ದಿಲು ಮುಂದಿನ ಸಲ ಬೇಗ ಹೊತ್ತಿಕೊಳ್ಳುತ್ತದೆ.